ಸ್ವಿಚ್ ಆಫ್ ಆಗಿತ್ತು, ಆದರೂ ಶಾಕ್ ಹೊಡೀತು: ಗೋಡೆಯೊಳಗಿನ ಬಣ್ಣಗಳು ಯಾಕೆ ನಮ್ಮ ಚರ್ಚೆಗೆ ಬರಬೇಕು?

ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ರೂಮಿನಲ್ಲಿ ಒಂದು ಸಂಜೆ ಬಲ್ಬು ಕೆಟ್ಟಿತು. ಸ್ವಿಚ್ ಆಫ್ ಮಾಡಿ, ಸ್ಟೂಲ್ ಹತ್ತಿ, ಬಲ್ಬು ತೆಗೆದೆ. ಹೋಲ್ಡರ್‌ನ ಪಿನ್ನಿಗೆ ಬೆರಳು ತಾಗಿದ್ದೇ ತಡ, ಮೊಣಕೈವರೆಗೂ ಜುಂ ಅಂದಿತು. ಸ್ಟೂಲಿನಿಂದ ಕೆಳಗೆ ಬಿದ್ದೆ. ಪುಣ್ಯಕ್ಕೆ ಏಟೇನೂ ಆಗಲಿಲ್ಲ.

ಮಾರನೇ ದಿನ ಬಂದ ಎಲೆಕ್ಟ್ರಿಷಿಯನ್‌ಗೆ, "ಅಣ್ಣಾ, ಸ್ವಿಚ್ ಆಫ್ ಮಾಡೇ ಹತ್ತಿದ್ದೆ" ಅಂದೆ. ಅವರು ಮೇನ್ ಇಳಿಸಿ ಬೋರ್ಡ್ ಬಿಚ್ಚಿದರು. "ನೋಡಿ ಸಾರ್, ಸ್ವಿಚ್ಚಿಗೆ ನ್ಯೂಟ್ರಲ್ ಕೊಟ್ಟವ್ರೆ. ಫೇಸು ನೇರವಾಗಿ ಬಲ್ಬಿಗೆ ಹೋಗೈತೆ. ಎಲ್ಲಾ ಹಸಿರು ವೈರೇ. ಯಾವುದು ಏನು ಅಂತ ಯಾರಿಗೆ ಗೊತ್ತಾಗ್ಬೇಕು?"

ಅವರ ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಬಣ್ಣ ಏನು ಹೇಳುತ್ತದೆ?

ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟ್. ಫೇಸ್ ವೈರಿನಲ್ಲಿ ಬಂದು, ಬಲ್ಬು ಉರಿಸಿ, ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತದೆ. ಮುಟ್ಟಿದರೆ ಅಪಾಯ ಇರುವುದು ಮುಖ್ಯವಾಗಿ ಫೇಸಿನಲ್ಲಿ. ಮೂರನೆಯದು ಅರ್ಥ್. ಎಲ್ಲೋ ಕರೆಂಟು ಸೋರಿದರೆ ಅದನ್ನು ನಮ್ಮ ಮೈಯ ಬದಲು ನೆಲಕ್ಕೆ ಸಾಗಿಸುವುದು ಅದರ ಕೆಲಸ.

ನಮ್ಮಲ್ಲಿನ ನಿಯಮ ಸರಳ: ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅಥವಾ ಹಸಿರು-ಹಳದಿ ಪಟ್ಟೆಯದ್ದು ಅರ್ಥ್. ತ್ರೀ-ಫೇಸ್ ಸಂಪರ್ಕ ಇರುವ ಮನೆಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸೇ.

ಸ್ವಿಚ್ಚಿನ ನಿಯಮ ಇನ್ನೂ ಸರಳ. ಅದು ಕತ್ತರಿಸಬೇಕಾದದ್ದು ಫೇಸನ್ನು. ಕೆಂಪು ವೈರ್ ಸ್ವಿಚ್ಚಿಗೆ ಬರಬೇಕು, ಅಲ್ಲಿಂದ ಬಲ್ಬಿಗೆ ಹೋಗುವ ವೈರೂ ಫೇಸಿನ ಬಣ್ಣದ್ದೇ ಆಗಿರಬೇಕು. ಕಪ್ಪು ಸ್ವಿಚ್ಚನ್ನು ಮುಟ್ಟದೆ ನೇರ ಬಲ್ಬಿಗೆ ಹೋಗಬೇಕು. ಬೋರ್ಡಿನೊಳಗೆ ಕಪ್ಪು ವೈರ್ ಕಂಡರೆ ಗಾಬರಿ ಬೇಡ, ಅದು ಪಕ್ಕದ ಪ್ಲಗ್ ಪಾಯಿಂಟಿಗೆ ಬಂದದ್ದಿರಬಹುದು.

ಇದನ್ನು ತಿರುವುಮುರುವು ಮಾಡಿದರೂ ಬಲ್ಬು ಉರಿಯುತ್ತದೆ, ಆರುತ್ತದೆ. ಯಾರಿಗೂ ತಪ್ಪು ಕಾಣಿಸುವುದಿಲ್ಲ. ಆದರೆ ಬಲ್ಬು ಆರಿದ್ದಾಗಲೂ ಹೋಲ್ಡರ್‌ನಲ್ಲಿ ಕರೆಂಟು ಕಾಯುತ್ತಾ ಕೂತಿರುತ್ತದೆ. ನನ್ನ ರೂಮಿನಲ್ಲಿ ಆಗಿದ್ದು ಅದೇ.

ಎಲ್ಲಿ ಎಡವುತ್ತೇವೆ?

ಮೊದಲನೆಯದು ನೀಲಿ. ಮಿಕ್ಸಿ, ಇಸ್ತ್ರಿಪೆಟ್ಟಿಗೆಯಂಥ ಉಪಕರಣಗಳ ಕೇಬಲ್‌ನಲ್ಲಿ ಸಾಮಾನ್ಯವಾಗಿ ಕಂದು ಫೇಸ್, ನೀಲಿ ನ್ಯೂಟ್ರಲ್. ಅದೇ ನೀಲಿ ಗೋಡೆಯೊಳಗಿದ್ದರೆ ಫೇಸ್ ಆಗಿರಬಹುದು. ಒಂದೇ ಬಣ್ಣ, ಎರಡು ವಿರುದ್ಧ ಅರ್ಥ.

ಎರಡನೆಯದು ಯೂಟ್ಯೂಬ್. ಅಮೆರಿಕದ ಮನೆಗಳಲ್ಲಿ ಕಪ್ಪು ವೈರೇ ಫೇಸ್, ಬಿಳಿ ನ್ಯೂಟ್ರಲ್. ಬ್ರಿಟನ್ ಕೂಡ ಮೊದಲು ನಮ್ಮ ಹಾಗೆ ಕೆಂಪು-ಕಪ್ಪು ಬಳಸುತ್ತಿತ್ತು. 2004ರಲ್ಲಿ ಕಂದು-ನೀಲಿಗೆ ಬದಲಾಯಿಸಲು ಶುರುಮಾಡಿ, 2006ರಿಂದ ಹೊಸ ವೈರಿಂಗ್‌ಗೆ ಅದನ್ನೇ ಕಡ್ಡಾಯ ಮಾಡಿತು. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಬೋರ್ಡ್ ಬಿಚ್ಚಿದರೆ ಗತಿ ಏನು?

ಮೂರನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು, ಮಿಕ್ಕಿದ ವೈರ್. ನಮ್ಮಲ್ಲಿ ವೈರ್ ಹೆಚ್ಚಾಗಿ 90 ಮೀಟರ್ ಸುರುಳಿಯಲ್ಲಿ ಬರುತ್ತದೆ. ಕೆಂಪು ಮುಗಿದು ಹಸಿರು ಉಳಿದಿದ್ದರೆ, ಕಡೇ ರೂಮಿಗೆ ಹಸಿರೇ ಎಳೆದು ಮುಗಿಸುತ್ತಾರೆ. ಮುಂದೆ ಯಾರೋ ಅದನ್ನು ಅರ್ಥ್ ಅಂದುಕೊಂಡು ಫ್ರಿಜ್ಜಿನ ಲೋಹದ ಮೈಗೆ ಜೋಡಿಸಿದರೆ ಇಡೀ ಫ್ರಿಜ್ಜೇ ಫೇಸ್ ಆಗುತ್ತದೆ.

ಮೀಟರಿನಾಚೆ ಯಾರ ಹೊಣೆ?

ಎನ್‌ಸಿಆರ್‌ಬಿ ವರದಿಗಳ ಪ್ರಕಾರ ದೇಶದಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನ ವಿದ್ಯುತ್ ಸ್ಪರ್ಶದಿಂದ ಸಾಯುತ್ತಾರೆ. ಹೊಲದಲ್ಲಿ ಹರಿದು ಬಿದ್ದ ತಂತಿಯಿಂದ ಹಿಡಿದು ಮನೆಯ ಗೀಸರ್‌ವರೆಗೆ ಎಲ್ಲವೂ ಇದರಲ್ಲಿ ಸೇರಿದೆ. ಬಣ್ಣವೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ತಡೆಯಬಹುದಾದ ಸಾವುಗಳ ಪಟ್ಟಿಯಲ್ಲಿ ಇಷ್ಟು ಅಗ್ಗದ ಪರಿಹಾರ ಇರುವಂಥದ್ದು ಕಡಿಮೆ.

ನಿಯಮಗಳೇನೂ ಇಲ್ಲದೆ ಇಲ್ಲ. ಮನೆ ವೈರಿಂಗ್‌ಗೆ ಐಎಸ್ 732 ಎಂಬ ಮಾನಕ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ ಇದೆ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಹೊಂದಿದ ಗುತ್ತಿಗೆದಾರರೇ ಮಾಡಿಸಬೇಕು ಎನ್ನುತ್ತದೆ ಅದು. ಹೊಸ ಸಂಪರ್ಕ ಕೊಡುವಾಗ ಕಾಗದಪತ್ರ ಕೇಳುತ್ತಾರೆ. ಆಮೇಲೆ ಆ ಮನೆಗೆ ಮೇಲೊಂದು ಮಹಡಿ ಏರುತ್ತದೆ, ಒಂದು ಹಾಲ್ ಎರಡು ರೂಮಾಗುತ್ತದೆ, ಪಿಜಿ ಶುರುವಾಗುತ್ತದೆ. ಆಗ ಎಳೆದ ವೈರನ್ನು ಯಾರು ನೋಡಿದ್ದಾರೆ?

2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ ಬಗ್ಗೆ ನಾವೆಲ್ಲ ಜೋರಾಗಿ ಚರ್ಚಿಸಿದೆವು, ಚರ್ಚಿಸಲೇಬೇಕಿತ್ತು. ಆದರೆ ನಮ್ಮ ವಿದ್ಯುತ್ ರಾಜಕೀಯ ಮೀಟರಿನ ಹತ್ತಿರ ನಿಂತುಬಿಡುತ್ತದೆ. ಅದರಾಚೆಗಿನ ಗೋಡೆ ಮಾಲೀಕನದ್ದು, ಶಾಕು ಮಾತ್ರ ಬಾಡಿಗೆದಾರನಿಗೆ, ಇಲ್ಲವೇ ರಿಪೇರಿಗೆ ಬಂದ ಕೂಲಿಯವನಿಗೆ. ಉಳಿತಾಯ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ.

ನಾವೇನು ಮಾಡಬಹುದು?

ಬಲ್ಬು ಬದಲಿಸುವಾಗಲೂ ಸ್ವಿಚ್ಚನ್ನಷ್ಟೇ ನಂಬಬೇಡಿ, ಮೇನ್ ಇಳಿಸಿ. ಎಲ್‌ಇಡಿ ಬಲ್ಬು ಆಫ್ ಮಾಡಿದ ಮೇಲೂ ಮಂಕಾಗಿ ಮಿನುಗುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ನ್ಯೂಟ್ರಲ್ ಸ್ವಿಚ್ಚಿಗೆ ಹೋಗಿರುವುದು ಅದರ ಕಾರಣಗಳಲ್ಲೊಂದು. ಬಣ್ಣ ಸರಿಯಿದೆ ಅಂತ ಕಂಡರೂ ಟೆಸ್ಟ್ ಮಾಡದೆ ವೈರ್ ಮುಟ್ಟಬೇಡಿ. ಬೋರ್ಡ್ ಬಿಚ್ಚುವ ಕೆಲಸ ಪರ್ಮಿಟ್ ಇರುವವರಿಗೆ ಬಿಡಿ. ಮನೆ ಬಾಡಿಗೆಗೆ ಹಿಡಿಯುವಾಗ ನೀರು, ಪಾರ್ಕಿಂಗ್ ಕೇಳುವ ಹಾಗೆ ವೈರಿಂಗ್ ಚೆಕ್ ಮಾಡಿಸಿದ್ದೀರಾ ಅಂತಲೂ ಕೇಳಿ. ಬಾಡಿಗೆ ಮನೆ ಮತ್ತು ಪಿಜಿಗಳಿಗೆ ನಿಯಮಿತ ವೈರಿಂಗ್ ತಪಾಸಣೆ ಬೇಕು ಅಂತ ನಿಮ್ಮ ಜನಪ್ರತಿನಿಧಿಗಳನ್ನೂ ಕೇಳಿ.

ಅವತ್ತು ಆ ಅಣ್ಣ ವೈರ್ ಅದಲುಬದಲು ಮಾಡಿ ಹತ್ತು ನಿಮಿಷದಲ್ಲಿ ಹೊರಡಬಹುದಿತ್ತು. ಅದರ ಬದಲು ಅಂಗಡಿಗೆ ಹೋಗಿ ಕೆಂಪು, ಕಪ್ಪು ವೈರ್ ತಂದು, ಹಸಿರನ್ನು ಪೈಪಿನಿಂದ ಎಳೆದು ತೆಗೆದು ಹೊಸದು ಹಾಕಿದರು. ಇಷ್ಟೆಲ್ಲಾ ಯಾಕೆ ಅಂದೆ.

"ನಾಳೆ ಇನ್ನೊಬ್ಬ ಬಿಚ್ತಾನಲ್ಲ ಸಾರ್" ಅಂದರು.