ಕೂಸಿನ ಹೊಟ್ಟೆ ಕಟ್ಟಿದೆಯೇ? ದಿನ ಎಣಿಸಬೇಡಿ, ಮಲ ನೋಡಿ

“ಕೂಸಿಗೆ ಐದ ದಿನ ಆತು, ಸಂಡಾಸ ಆಗಿಲ್ಲ!” ಚಿಕ್ಕೋಡಿ, ನಿಪ್ಪಾಣಿಯಿಂದ ರಾಯಬಾಗ, ಅಥಣಿ, ಕಾಗವಾಡದವರೆಗೆ, ಬಾಣಂತಿ ಇರುವ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಈ ಮಾತು ಕಿವಿಗೆ ಬಿದ್ದದ್ದೇ ತಡ, ಮನೆಯವರೆಲ್ಲ ವೈದ್ಯರಾಗುತ್ತಾರೆ. ದಾದಿಮಾ ಘುಟ್ಟಿ ತೇಯಲು ಸಾಣೆಕಲ್ಲು ತೆಗೆಯುತ್ತಾರೆ. ನಾನಿಮಾ “ಔಡಲೆಣ್ಣೆ ಎರಡು ಹನಿ ಸಾಕು” ಎನ್ನುತ್ತಾರೆ. ಒಬ್ಬರು ಜೇನು ನೆಕ್ಕಿಸಲು ಹೇಳಿದರೆ, ಇನ್ನೊಬ್ಬರು ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಹಚ್ಚಿ ತರುತ್ತಾರೆ. ಎಲ್ಲರದೂ ಪ್ರೀತಿಯೇ, ಸಂಶಯವಿಲ್ಲ. ಆದರೆ ಕೂಸಿಗೆ ನಿಜವಾಗಿಯೂ ಮಲಬದ್ಧತೆ ಆಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಎದೆಹಾಲು ಮಾತ್ರ ಕುಡಿಯುವ ಕೂಸಿನಲ್ಲಿ ಬಹಳ ಸಲ ಅದು ಮಲಬದ್ಧತೆ ಆಗಿರುವುದೇ ಇಲ್ಲ. ಇಲ್ಲದ ರೋಗಕ್ಕೆ ಕೊಟ್ಟ ಮದ್ದೇ ಆಗ ಕೂಸಿಗೆ ತೊಂದರೆ ತರುತ್ತದೆ.

ಯಾವುದು ಮಲಬದ್ಧತೆ, ಯಾವುದು ಅಲ್ಲ?

ಹುಟ್ಟಿದ ಕೂಸು ಸಾಮಾನ್ಯವಾಗಿ 24 ಗಂಟೆಯೊಳಗೆ ಕಪ್ಪು-ಹಸಿರು ಬಣ್ಣದ, ಡಾಂಬರಿನಂತೆ ಅಂಟುವ ಮೊದಲ ಮಲ ಮಾಡುತ್ತದೆ. ನಾಲ್ಕೈದು ದಿನಗಳಲ್ಲಿ ಅದು ಹಳದಿಗೆ ತಿರುಗುತ್ತದೆ. ಮೊದಲ ತಿಂಗಳಲ್ಲಿ ಎದೆಹಾಲಿನ ಕೂಸು ದಿನಕ್ಕೆ ಮೂರು-ನಾಲ್ಕು ಸಲ, ಕೆಲವೊಮ್ಮೆ ಹಾಲು ಕುಡಿದಾಗಲೆಲ್ಲ ಮಲ ಮಾಡುವುದುಂಟು.

ಸುಮಾರು ಆರು ವಾರ ಕಳೆದ ಮೇಲೆ ಚಿತ್ರ ಬದಲಾಗುತ್ತದೆ. ಎದೆಹಾಲು ಬಹುಪಾಲು ಜೀರ್ಣವಾಗಿ ಮೈಗೆ ಹತ್ತುವುದರಿಂದ ಹೊರಹಾಕಲು ಉಳಿಯುವುದೇ ಕಡಿಮೆ. ಆಗ ಕೆಲವು ಕೂಸುಗಳು ಮೂರು ದಿನಕ್ಕೊಮ್ಮೆ, ಕೆಲವು ವಾರಕ್ಕೊಮ್ಮೆ ಮಲ ಮಾಡುತ್ತವೆ. ಮಲ ಮೆತ್ತಗಿದ್ದು, ಕೂಸು ಚೆನ್ನಾಗಿ ಹಾಲು ಕುಡಿಯುತ್ತ, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತ, ತೂಕ ಏರುತ್ತಿದ್ದರೆ ಅದು ಮಲಬದ್ಧತೆಯಲ್ಲ. ಮದ್ದೂ ಬೇಕಿಲ್ಲ.

ಮಲಬದ್ಧತೆ ಎನ್ನುವುದು ಮಲ ಗಟ್ಟಿಯಾದಾಗ. ಆಡಿನ ಹಿಕ್ಕೆಯಂತೆ ಉಂಡೆಯುಂಡೆಯಾಗಿ, ಒಣಗಿ, ಕೂಸಿಗೆ ನೋವು ಕೊಟ್ಟು ಬಂದರೆ ಅದು ಮಲಬದ್ಧತೆ. ಹಾಗಾಗಿ ದಿನಗಳ ಲೆಕ್ಕಕ್ಕಿಂತ ಲಂಗೋಟಿಯಲ್ಲಿ ಏನಿದೆ ಎಂದು ನೋಡುವುದು ಮುಖ್ಯ.

ಒಂದು ಎಚ್ಚರಿಕೆ ಇದೆ. ಹುಟ್ಟಿದ ಮೊದಲ ಐದಾರು ವಾರಗಳಲ್ಲೇ ಕೂಸು ದಿನಗಟ್ಟಲೆ ಮಲ ಮಾಡದಿದ್ದರೆ ಹೊಟ್ಟೆ ತುಂಬ ಹಾಲು ಸಿಗುತ್ತಿಲ್ಲ ಎಂದಿರಬಹುದು. ಆಗ ತೂಕ ಮಾಡಿಸಿ, ಹಾಲುಣಿಸುವ ರೀತಿಯನ್ನು ಆಶಾ ಕಾರ್ಯಕರ್ತೆಗೆ ಅಥವಾ ನರ್ಸ್‌ಗೆ ತೋರಿಸಿ.

ಮುಖ ಕೆಂಪಗೆ ಮಾಡಿ ತಿಣುಕುವ ಕೂಸು

ಕೆಲವು ಕೂಸುಗಳು ಹತ್ತು-ಹದಿನೈದು ನಿಮಿಷ ತಿಣುಕಿ, ಮುಖ ಕೆಂಪಗೆ ಮಾಡಿಕೊಂಡು, ಜೋರಾಗಿ ಅತ್ತು, ಕೊನೆಗೆ ಮೆತ್ತಗಿನ ಮಲವನ್ನೇ ಮಾಡುತ್ತವೆ. ನೋಡಿದವರ ಕರುಳು ಕಿವುಚುತ್ತದೆ. ಆದರೆ ಇದೂ ಮಲಬದ್ಧತೆಯಲ್ಲ. ಮಲ ಹೊರಬರಬೇಕಾದರೆ ಹೊಟ್ಟೆ ಬಿಗಿಯಬೇಕು, ಅದೇ ಹೊತ್ತಿಗೆ ಗುದದ್ವಾರ ಸಡಿಲಾಗಬೇಕು. ಎರಡನ್ನೂ ಒಟ್ಟಿಗೆ ಮಾಡುವುದನ್ನು ಕೂಸು ಇನ್ನೂ ಕಲಿಯುತ್ತಿರುತ್ತದೆ. ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಪದೇಪದೇ ಸಾಬೂನಿನ ಚೂರು ಅಥವಾ ಎಲೆಯ ತೊಟ್ಟು ಇಟ್ಟು ಮಲ ಬರಿಸಿದರೆ ಆ ಕಲಿಕೆ ನಿಧಾನವಾಗುತ್ತದೆ. ಸಾಬೂನಿನಿಂದ ಒಳಚರ್ಮ ಸುಡುತ್ತದೆ, ತೊಟ್ಟಿನಿಂದ ಗಾಯವಾಗುತ್ತದೆ. ಎರಡನ್ನೂ ಬಿಡಬೇಕು.

ಘುಟ್ಟಿ, ಔಡಲೆಣ್ಣೆ, ನೀರು

ಆರು ತಿಂಗಳವರೆಗೆ ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರು ಸಹ ಬೇಡ. “ಅಥಣಿಯ ಬೇಸಿಗೆಯಲ್ಲೂ ಬೇಡವೇ?” ಎಂದು ಕೇಳಬಹುದು. ಬೇಡ. ಎದೆಹಾಲಿನಲ್ಲಿ ನೂರಕ್ಕೆ 87-88 ಪಾಲು ನೀರೇ ಇರುತ್ತದೆ. ಸೆಕೆಯ ದಿನ ಎದೆಗೆ ಹೆಚ್ಚು ಸಲ ಹಾಕಿಕೊಂಡರೆ ಸಾಕು. ವೈದ್ಯರು ಬರೆದುಕೊಟ್ಟ ಔಷಧಿ ಮಾತ್ರ ಇದಕ್ಕೆ ಹೊರತು.

ಘುಟ್ಟಿಯ ತೊಂದರೆ ಮೂರು. ಕಲ್ಲು, ಬೆರಳು, ಒಳ್ಳೆ, ನೀರು ಇವುಗಳಿಂದ ರೋಗಾಣು ಹೊಟ್ಟೆ ಸೇರಿ ಭೇದಿ ಹಿಡಿಯಬಹುದು. ಇಂದು ಎರಡು ಸುತ್ತು ತೇಯ್ದರೆ ನಾಳೆ ನಾಲ್ಕಾಗುತ್ತದೆ, ಅಳತೆಯೆಂಬುದಿಲ್ಲ. ಅದರಿಂದ ಹೊಟ್ಟೆ ತುಂಬಿದ ಕೂಸು ಎದೆಹಾಲು ಕಡಿಮೆ ಕುಡಿಯುತ್ತದೆ. ಗ್ರೈಪ್ ವಾಟರ್‌ಗೂ ಈ ಕೊನೆಯ ಮಾತು ಸಲ್ಲುತ್ತದೆ.

ಔಡಲೆಣ್ಣೆ ಇನ್ನೂ ಅಪಾಯ. ಅಳುವ ಕೂಸಿನ ಬಾಯಿಗೆ ಬಿಟ್ಟ ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹೊಟ್ಟೆಗೆ ಹೋದರೆ ಭೇದಿಯಾಗಿ ಮೈಯ ನೀರು ಬತ್ತಬಹುದು.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ, ತಂಬಾಕಿನ ಕೆಲಸಕ್ಕೆ ಹೋಗುವ ತಾಯಂದಿರು ಕೂಸನ್ನು ಹಿರಿಯರ ಬಳಿ ಬಿಟ್ಟುಹೋಗುತ್ತಾರೆ. ಅತ್ತಾಗ ಘುಟ್ಟಿ ಬಾಯಿಗೆ ಬರುವುದು ಆಗಲೇ. ಅದರ ಬದಲು ತೊಳೆದ ಕೈಯಿಂದ ಎದೆಹಾಲು ಹಿಂಡಿ, ಕುದಿಸಿ ಒಣಗಿಸಿದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಟ್ಟು ಹೋಗಬಹುದು. ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಇಡಬಹುದು, ಬೇಸಿಗೆಯಲ್ಲಿ ಅದಕ್ಕೂ ಮೊದಲೇ ಕುಡಿಸಬೇಕು. ಕೆಲಸದಿಂದ ಬಂದ ತಾಯಿ ಸಾಬೂನಿನಿಂದ ಕೈ ತೊಳೆದು, ತಂಬಾಕಿನ ಧೂಳು ಹಿಡಿದ ಬಟ್ಟೆ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಲಿ.

ಜೇನು ಮತ್ತು ತಹ್ನೀಕ್

ಜೇನಿನಲ್ಲಿ ಶಮನವಿದೆ ಎಂಬುದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಬಂದಿರುವುದು ನಮಗೆಲ್ಲ ಗೊತ್ತು. ಆದರೆ ಒಳ್ಳೆಯ ಆಹಾರಕ್ಕೂ ತಕ್ಕ ವಯಸ್ಸೆಂಬುದಿದೆ. ಮಾಂಸ ಹಲಾಲ್ ಎಂದು ಹುಟ್ಟಿದ ಕೂಸಿಗೆ ಯಾರೂ ತಿನ್ನಿಸುವುದಿಲ್ಲ.

ಜೇನಿನಲ್ಲಿ ಬಾಟ್ಯುಲಿಸಂ ಎಂಬ ರೋಗ ತರುವ ಸೂಕ್ಷ್ಮಾಣುವಿನ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಕೂಸುಗಳಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ರೋಗ ಅಪರೂಪವಾದರೂ ಗಂಭೀರ. ಇದರ ಮೊದಲ ಲಕ್ಷಣ ಬಹಳ ಸಲ ಮಲಬದ್ಧತೆಯೇ. ಆಮೇಲೆ ಕಣ್ಣೆವೆ ಜೋತುಬೀಳುತ್ತದೆ, ಅಳುವಿನ ದನಿ ಕ್ಷೀಣಿಸುತ್ತದೆ, ಕುತ್ತಿಗೆ ನಿಲ್ಲುವುದಿಲ್ಲ, ಉಸಿರಾಟಕ್ಕೂ ಕಷ್ಟವಾಗಬಹುದು. ಅಂದರೆ ಮಲಬದ್ಧತೆಗೆ ಮದ್ದೆಂದು ನೆಕ್ಕಿಸಿದ ಜೇನಿನಿಂದಲೇ ಮಲಬದ್ಧತೆಯೊಂದಿಗೆ ಶುರುವಾಗುವ ರೋಗ ಬರಬಹುದು. ಜೇನನ್ನು ಕಾಯಿಸಿದರೂ ಈ ಕಣಗಳು ಸಾಯುವುದಿಲ್ಲ. ಒಂದು ವರ್ಷ ತುಂಬುವವರೆಗೆ ಹನಿ ಜೇನೂ ಬೇಡ.

ತಹ್ನೀಕ್‌ನ ವಿಚಾರದಲ್ಲಿ ಹದೀಸ್‌ಗಳಲ್ಲಿ ಬಂದಿರುವುದು ಖರ್ಜೂರ. ಹಾಗಾಗಿ ಜೇನು ಬಿಟ್ಟರೆ ಸುನ್ನತ್ ತಪ್ಪಿತೆಂಬ ಅಳುಕು ಬೇಡ. ಚೆನ್ನಾಗಿ ನುಣ್ಣಗಾದ ಖರ್ಜೂರವನ್ನು ತೊಳೆದ ಬೆರಳ ತುದಿಯಿಂದ ಸವರಿದಷ್ಟೇ ಸಾಕು, ಚೂರು ಬಾಯಲ್ಲಿ ಉಳಿಯಬಾರದು. ಕೆಮ್ಮು, ನೆಗಡಿ, ಕ್ಷಯ, ಬಾಯಿಹುಣ್ಣು ಇರುವವರು ಈ ಕೆಲಸ ಮಾಡಬಾರದು. ತಿಂಗಳು ತುಂಬದೆ ಹುಟ್ಟಿದ ಅಥವಾ ಕಾಯಿಲೆಯ ಕೂಸಾದರೆ ಮೊದಲು ವೈದ್ಯರನ್ನು ಕೇಳಿ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು ಎದೆಹಾಲು. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಉಣಿಸಿ. ತಾಯಿಯೂ ಸಾಕಷ್ಟು ನೀರು ಕುಡಿದು ಹೊಟ್ಟೆ ತುಂಬ ಉಣ್ಣಲಿ. ರಮಝಾನಿನಲ್ಲಿ ಉಪವಾಸದಿಂದ ತನಗಾಗಲಿ ಕೂಸಿಗಾಗಲಿ ತೊಂದರೆಯಾಗುವ ಭಯವಿದ್ದರೆ, ಹಾಲುಣಿಸುವ ತಾಯಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ.

ಎರಡನೆಯದು ಮಾಲೀಶ್. ನಮ್ಮ ಕಡೆ ಎರೆಯುವ ಮುಂಚೆ ಕೂಸಿಗೆ ಎಣ್ಣೆ ಹಚ್ಚುವ ರೂಢಿ ಹೇಗೂ ಇದೆ. ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ, ಹೊಕ್ಕುಳಿನ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಅಂಗೈಯಿಂದ ಮೆತ್ತಗೆ ಸವರಿ. ಒತ್ತಬೇಡಿ. ಹೊಕ್ಕುಳು ಒಣಗುವವರೆಗೆ ಇದು ಬೇಡ. ಆಮೇಲೆ ಎರಡೂ ಕಾಲು ಹಿಡಿದು ಸೈಕಲ್ ತುಳಿಸಿದಂತೆ ಆಡಿಸಿ, ಮೊಣಕಾಲನ್ನು ಹೊಟ್ಟೆಯ ಕಡೆ ಮಡಚಿ ಬಿಡಿ. ಉಗುರುಬೆಚ್ಚಗಿನ ನೀರಿನ ಸ್ನಾನವೂ ಹೊಟ್ಟೆಯನ್ನು ಸಡಿಲಗೊಳಿಸುತ್ತದೆ.

ಮೂರನೆಯದು ಮೇಲಿನ ಹಾಲು. ವೈದ್ಯರ ಸಲಹೆಯಂತೆ ಡಬ್ಬಿಯ ಪುಡಿ ಹಾಲು ಕೊಡುತ್ತಿದ್ದರೆ ಡಬ್ಬಿಯ ಮೇಲೆ ಬರೆದ ಅಳತೆ ಮೀರಬೇಡಿ. “ಕೂಸು ದಷ್ಟಪುಷ್ಟವಾಗಲಿ” ಎಂದು ಒಂದು ಚಮಚ ಹೆಚ್ಚು ಹಾಕಿದರೆ ಮಲ ಗಟ್ಟಿಯಾಗುತ್ತದೆ, ಉಳಿಸಲೆಂದು ನೀರು ಹೆಚ್ಚಿಸಿದರೆ ಕೂಸು ಸೊರಗುತ್ತದೆ. ಎಮ್ಮೆ, ಆಕಳ ಹಾಲು ನೀರು ಬೆರೆಸಿದರೂ ವರ್ಷದೊಳಗೆ ಎದೆಹಾಲಿನ ಜಾಗಕ್ಕೆ ಬರಬಾರದು. ಅದರಿಂದ ಮಲಬದ್ಧತೆಯ ಜೊತೆಗೆ ರಕ್ತಹೀನತೆಯೂ ಬರಬಹುದು.

ಆರು ತಿಂಗಳು ತುಂಬಿದ ಮೇಲೆ

ನಿಜವಾದ ಮಲಬದ್ಧತೆ ಹೆಚ್ಚಾಗಿ ಶುರುವಾಗುವುದು ಅನ್ನ ಉಣಿಸಲು ತೊಡಗಿದಾಗ. ಬರೀ ಅಕ್ಕಿಗಂಜಿ, ಬಿಸ್ಕಿಟು, ಹಾಲು ಇವಿಷ್ಟೇ ಆದರೆ ಮಲ ಗಟ್ಟಿಯಾಗುತ್ತದೆ. ಹೆಸರುಬೇಳೆಯ ಖಿಚಡಿಗೆ ಪಾಲಕ್, ಕುಂಬಳಕಾಯಿ ಬೇಯಿಸಿ ಕಿವುಚಿ. ಮಾಗಿದ ಪಪ್ಪಾಯಿ ಕೊಡಿ. ಅಥಣಿಯ ಕಡೆ ದ್ರಾಕ್ಷಿ ಬೆಳೆಯುವವರಿದ್ದಾರೆ, ಒಣದ್ರಾಕ್ಷಿ ದೂರದ ವಸ್ತುವಲ್ಲ. ನಾಲ್ಕೈದನ್ನು ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ ಕೊಡಿ. ಇಡೀ ದ್ರಾಕ್ಷಿ, ಒಣದ್ರಾಕ್ಷಿ ಎಂದೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಊಟದ ಜೊತೆ ಕಾಯಿಸಿ ಆರಿಸಿದ ನೀರನ್ನು ಚಮಚದಲ್ಲಿ ಕುಡಿಸಿ. ಎದೆಹಾಲು ಮುಂದುವರಿಯಲಿ.

ಯಾವಾಗ ಆಸ್ಪತ್ರೆಗೆ?

ಈ ಲಕ್ಷಣಗಳಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ:

• ಹುಟ್ಟಿ 24 ಗಂಟೆ ಕಳೆದರೂ ಮೊದಲ ಮಲ ಆಗದಿರುವುದು
• ಹಸಿರು ಬಣ್ಣದ ವಾಂತಿ
• ಹೊಟ್ಟೆ ಉಬ್ಬಿ ಬಿಗಿಯಾಗಿರುವುದು
• ಮಲದಲ್ಲಿ ರಕ್ತ
• ಹಾಲು ಬಿಡುವುದು, ಜೋಮು ಹಿಡಿದಂತೆ ಮಲಗಿರುವುದು, ಅಳು ಕ್ಷೀಣವಾಗುವುದು
• ಮೂತ್ರ ಕಡಿಮೆಯಾಗುವುದು, ತೂಕ ಏರದಿರುವುದು
• ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲ್ಪಟ್ಟ ಜ್ವರ

ಹುಟ್ಟಿನಿಂದಲೇ ಮಲಬದ್ಧತೆ ಇದ್ದರೆ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದು. ಅದು ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ. ಥೈರಾಯ್ಡ್ ಕೊರತೆಯೂ ಇರಬಹುದು. ಅದನ್ನು ಮೊದಲ ವಾರಗಳಲ್ಲೇ ಗುರುತಿಸಿ ಮಾತ್ರೆ ಶುರುಮಾಡಿದರೆ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ. ಘುಟ್ಟಿಯಲ್ಲಿ ತಿಂಗಳು ಕಳೆದರೆ ಆ ಸಮಯ ಮರಳಿ ಬಾರದು.

ನಮ್ಮ ಗಡಿ ತಾಲ್ಲೂಕುಗಳಲ್ಲಿ ಕಾಗವಾಡ, ಅಥಣಿಯವರು ಮಿರಜ್‌ಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗುವುದು ರೂಢಿ. ಹೋಗಿ, ಆದರೆ ಕೂಸು ಜೋಮು ಹಿಡಿದಿದ್ದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ತಾಯಿ ಕಾರ್ಡ್ ಜೊತೆಗಿರಲಿ. ಮಲದ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ. ಮನೆಯಲ್ಲಿ ಏನಾದರೂ ಕೊಟ್ಟಿದ್ದರೆ ಬೈಯುತ್ತಾರೆಂದು ಮುಚ್ಚಿಡಬೇಡಿ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಆಕೆ ಬಂದಾಗ ದಾದಿಮಾ, ನಾನಿಮಾ ಇಬ್ಬರನ್ನೂ ಕೂರಿಸಿ ಮಾತನಾಡಿಸಿ. ಸೊಸೆ ಹೇಳಿದರೆ ಎದುರುತ್ತರ ಎನಿಸುವ ಮಾತು ಆಕೆಯ ಬಾಯಿಂದ ಬಂದರೆ ತಿಳಿವಳಿಕೆ ಎನಿಸುತ್ತದೆ. ಹಿರಿಯರ ಪ್ರೀತಿ ಕೂಸಿಗೆ ಬೇಕೇ ಬೇಕು. ಘುಟ್ಟಿ ತೇಯುವ ಕೈಗಳೇ ಹೊಟ್ಟೆಗೆ ಎಣ್ಣೆ ಸವರಲಿ, ಬಾಣಂತಿಗೆ ಬಿಸಿ ಊಟ ಬಡಿಸಲಿ. ಇನ್‌ಶಾ ಅಲ್ಲಾಹ್, ಕೂಸು ತನ್ನ ವೇಳೆಗೆ ತಾನೇ ಹಗುರಾಗುತ್ತದೆ.