ಮೊಟ್ಟೆ ತುಂಬಿದರೂ ಇಡದ ಮೀನು

ಸುಂಟಿಕೊಪ್ಪದ ಕಾಫಿ ತೋಟಗಳನ್ನು ದಾಟಿ ವಾಲ್ನೂರಿಗೆ ಇಳಿದರೆ ಕಾವೇರಿ ಸಿಗುತ್ತಾಳೆ. ಗಾಳಕ್ಕೆ ಬಿದ್ದ ಮಹಶೀರನ್ನು ಮರಳಿ ನೀರಿಗೇ ಬಿಡುವ ಪದ್ಧತಿಗೆ ಹೆಸರಾದ ಜಾಗವಿದು. ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹುಕಾಲ ಇದನ್ನು ಕಾದಿದೆ. ಮುಂಗಾರು ಹಿಡಿದು ಹೊಳೆ ಕೆಂಪಾದಾಗ ಮೀನುಗಳು ಮೊಟ್ಟೆ ಇಡಲು ಮೇಲಕ್ಕೆ ಹತ್ತುತ್ತವೆ. ಮಲೆನಾಡಿನ ಹತ್ತುಮೀನಿನ ಹಂಗಾಮು ಅದು.

ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹುಗಳ ಕಥೆ ಬೇರೆ. ಹೊಟ್ಟೆ ತುಂಬ ಮೊಟ್ಟೆ ಬಲಿಯುತ್ತದೆ, ಇಡುವುದು ಮಾತ್ರ ಇಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಹಟ ಮುರಿದರು. ಅದರ ನೆನಪಿಗೇ ರಾಷ್ಟ್ರೀಯ ಮೀನು ಕೃಷಿಕರ ದಿನ.

ಅರ್ಧ ಕೆಲಸ ಆಗಿ ಅರ್ಧ ನಿಲ್ಲುವುದೇಕೆ? ಈ ಕೆಲಸಕ್ಕೆ ಪಿಟ್ಯುಟರಿಯಲ್ಲಿ ಎರಡು ಹಾರ್ಮೋನುಗಳಿವೆ. ಮೊಟ್ಟೆ ಬೆಳೆಸುವುದರಲ್ಲಿ ಎಫ್‌ಎಸ್‌ಎಚ್ ಮುಂದು. ಕೊನೆಗೆ ಅದನ್ನು ಪಕ್ವಗೊಳಿಸಿ ಬಿಡಿಸುವುದು ಎಲ್‌ಎಚ್. ಎರಡಕ್ಕೂ ಒಂದು ತುಂಡು ಸಮಾನ, ಇನ್ನೊಂದು ತುಂಡಷ್ಟೇ ಬೇರೆ. ಆ ಬೇರೆಯಾದ ತುಂಡಿಗೂ ಬಹಳ ಹಿಂದೆ ಇದ್ದದ್ದು ಒಂದೇ ವಂಶವಾಹಿ. ಬೆನ್ನುಮೂಳೆಯ ಪ್ರಾಣಿಗಳ ಆದಿಕಾಲದಲ್ಲಿ ಅದು ಇಮ್ಮಡಿಯಾಯಿತು. ಒಂದು ಪ್ರತಿ ಹಳೆಯ ಕೆಲಸ ನಡೆಸುತ್ತಿದ್ದರೆ ಇನ್ನೊಂದು ಕೆಟ್ಟರೂ ಜೀವಕ್ಕೆ ಧಕ್ಕೆಯಿಲ್ಲ. ಅದು ಬದಲಾಗಲು ಸ್ವತಂತ್ರ. ಅಂಡಾಶಯದಲ್ಲಿ ಈ ಹಾರ್ಮೋನುಗಳನ್ನು ಗುರುತಿಸುವ ಗ್ರಾಹಿಗಳೂ ಹೀಗೆಯೇ ಕವಲೊಡೆದವು. ಅಣ್ಣತಮ್ಮಂದಿರ ಹಿಸ್ಸೆಯಂತೆ ಕೆಲಸ ಹಂಚಿಹೋಯಿತು. ಆದರೆ ನಡುವಿನ ಬೇಲಿ ಇನ್ನೂ ಪೂರ್ತಿ ಎದ್ದಿಲ್ಲ: ಕೆಲವು ಮೀನುಗಳಲ್ಲಿ ಎಫ್‌ಎಸ್‌ಎಚ್‌ನ ಗ್ರಾಹಿ ಎಲ್‌ಎಚ್‌ಗೂ ಓಗೊಡುತ್ತದೆ. ವಿಕಾಸದ ಈ ಅಪೂರ್ಣ ದಾಖಲೆ ನನಗೆ ಯಾವ ಪಳೆಯುಳಿಕೆಗಿಂತಲೂ ರೋಚಕ.

ಕೆರೆಯ ನಿಂತ ನೀರಿನಲ್ಲಿ ಎಲ್‌ಎಚ್ ಉಕ್ಕುವುದಿಲ್ಲ. ಮಿದುಳಿನ ಡೋಪಮಿನ್ ಅದನ್ನು ತಡೆದಿಡುತ್ತದೆ. ಇಂದಿನ ಚುಚ್ಚುಮದ್ದಿನಲ್ಲಿ ಎರಡು ವಸ್ತುಗಳಿವೆ: ಸಾಲ್ಮನ್ ಮೀನಿನ ಪ್ರಚೋದಕ ಹಾರ್ಮೋನಿನ ಮಾದರಿಯದೊಂದು, ಡೋಪಮಿನ್‌ಗೆ ಅಡ್ಡ ನಿಲ್ಲುವ ಡಾಮ್‌ಪೆರಿಡೋನ್ ಇನ್ನೊಂದು. ಹೌದು, ವಾಂತಿಗೆ ನಾವು ನುಂಗುವ ಅದೇ ಔಷಧ. ಸಾಲ್ಮನ್ನಿನದು ರೋಹುವಿಗೆ ನಾಟುವುದು ಎರಡೂ ಒಂದೇ ಹಳೆಯ ಹಾರ್ಮೋನು ಕುಟುಂಬವನ್ನು ಉಳಿಸಿಕೊಂಡಿರುವುದರಿಂದ.

ವಂಶವಾಹಿ ಇಮ್ಮಡಿಯಾಗುವುದರಲ್ಲಿ ಮಹಶೀರ್ ಇನ್ನೂ ಒಂದು ಹೆಜ್ಜೆ ಮುಂದೆ. ರೋಹುವಿಗೆ 50 ವರ್ಣತಂತುಗಳಾದರೆ, ಮಹಶೀರ್ ಕುಲದ ಎಣಿಸಿ ನೋಡಿದ ಜಾತಿಗಳಲ್ಲಿ 100. ಇಡೀ ವಂಶವಾಹಿ ಭಂಡಾರವೇ ಮತ್ತೊಮ್ಮೆ ಇಮ್ಮಡಿಯಾದ ಗುರುತು ಅದು. ಇಂಥ ಹೆಚ್ಚುವರಿ ಪ್ರತಿಗಳಲ್ಲಿ ಕೆಲವು ಸದ್ದಡಗುತ್ತವೆ, ಕೆಲವು ಹೊಣೆ ಹಂಚಿಕೊಳ್ಳುತ್ತವೆ. ಮೀನುಮರಿ ಕೇಂದ್ರದವರಿಗೆ ತಲೆನೋವು ಬೇರೆಯದೇ. ರೋಹು ಚುಚ್ಚುಮದ್ದಿನ ರಾತ್ರಿಯೇ ಬರಿದಾಗುತ್ತದೆ. ಮಹಶೀರ್ ಕಂತು ಕಂತಾಗಿ ಇಡುವುದರಿಂದ ಅದೇ ಹೆಣ್ಣನ್ನು ಹಂಗಾಮಿನುದ್ದಕ್ಕೂ ಹಿಡಿದು ಹಿಡಿದು ನೋಡಬೇಕು.