ಒಂದೊಂದೇ ಕಾಳು: ಕೂರಿಗೆಗೆ ತಕ್ಕ ಯಂತ್ರದ ಆಯ್ಕೆ

ಹುನಗುಂದದ ಸುತ್ತಣ ಎರೆಭೂಮಿಯಲ್ಲಿ ಉತ್ತರೆಯ ಮಳೆ ಕಳೆದು ಹಸ್ತ ಕಾಲಿಡುವ ವೇಳೆಗೆ ಹಿಂಗಾರಿ ಜೋಳದ ಬಿತ್ತನೆಗೆ ಅವಸರ ತೊಡಗುತ್ತದೆ. ಹಿಂದಿನಿಂದ ಬಂದ ಕ್ರಮದಲ್ಲಿ ಗಂಡಾಳು ಎತ್ತುಗಳನ್ನು ಹೊಡೆಯುತ್ತಾನೆ. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು ಕೂರಿಗೆಯ ಹಿಂದೆ ನಡೆಯುತ್ತ ಮರದ ಬಟ್ಟಲಿಗೆ ಕಾಳು ಬಿಡುತ್ತಾಳೆ. ಬಟ್ಟಲಿನಿಂದ ಇಳಿದ ಬಿದಿರಿನ ಕೊಳವೆಗಳು ಆ ಕಾಳನ್ನು ಒಂದೊಂದು ತಾಳಿನ ಹಿಂದೆ ಮಣ್ಣಿಗೆ ಸೇರಿಸುತ್ತವೆ. ಇಂಥ ಬಿತ್ತನೆಯನ್ನು ಕಾಣದ ವಾಚಕರು ಬಾಗಲಕೋಟೆ ಜಿಲ್ಲೆಯಲ್ಲಿ ವಿರಳ. ಆದರೆ ಆ ಕೈ ಎಂಥ ಕೆಲಸವನ್ನು ಮಾಡುತ್ತಿದೆಯೆಂದು ಲೆಕ್ಕ ಹಾಕಿ ನೋಡಿದವರು ಅದಕ್ಕಿಂತಲೂ ವಿರಳ.

ಆ ಲೆಕ್ಕವನ್ನು ಈಗ ಹಾಕೋಣ. ಜೋಳದ ಸಾಲಿನಿಂದ ಸಾಲಿಗೆ 45 ಸೆಂಟಿಮೀಟರು, ಸಾಲಿನಲ್ಲಿ ಸುಮಾರು 10 ಸೆಂಟಿಮೀಟರಿಗೆ ಒಂದು ಕಾಳು ಎಂದಿಟ್ಟುಕೊಳ್ಳಿ. ಎಲ್ಲ ಕಾಳುಗಳೂ ಮೊಳೆಯವು; ಮೊಳೆತವನ್ನೂ ಮುಂದೆ ತೆಳುಗೊಳಿಸಬೇಕಾಗುತ್ತದೆ. ಆದುದರಿಂದ ಗಿಡಕ್ಕೆ ಬೇಕಾದ 15 ಸೆಂಟಿಮೀಟರಿಗಿಂತ ಕಾಳಿನ ಅಂತರವನ್ನು ಕಡಿಮೆ ಇಡುವುದು ವಾಡಿಕೆ. ಎತ್ತುಗಳು ಸೆಕೆಂಡಿಗೆ 0.8 ಮೀಟರಿನಂತೆ ನಡೆದರೆ ಒಂದು ತಾಳಿಗೆ ಸೆಕೆಂಡಿಗೆ 8 ಕಾಳು, ಮೂರು ತಾಳಿನ ಕೂರಿಗೆಗೆ 24 ಕಾಳು! ಇಷ್ಟನ್ನು ಬೆರಳುಗಳ ಸಂದಿನಿಂದ ಸಮನಾಗಿ, ಮುಂಜಾನೆಯಿಂದ ಸಂಜೆಯವರೆಗೆ ಬಿಡುವುದು ಸಾಮಾನ್ಯ ಕೌಶಲವಲ್ಲ. ಈ ಕೌಶಲವುಳ್ಳ ಕೈಗಳು ಈಗ ಕಡಿಮೆಯಾಗುತ್ತಿವೆ. ಅವುಗಳ ಸ್ಥಾನದಲ್ಲಿ ತಾನಾಗಿ ಕಾಳುಹಾಕುವ ಸಾಧನವೊಂದನ್ನು ಕೂರಿಗೆಗೆ ಅಳವಡಿಸಬೇಕಾದರೆ ಯಾವುದನ್ನು ಆರಿಸಬೇಕು? ಇದು ರೈತನ ಪ್ರಶ್ನೆಯೂ ಹೌದು, ಭೌತವಿಜ್ಞಾನದ ಪ್ರಶ್ನೆಯೂ ಹೌದು.

ಕಾಳುಗಳ ನಡುವಣ ಅಂತರಕ್ಕೆ ಇಷ್ಟು ಮಹತ್ವವೇಕೆ? ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಒಳಗೇ. ಹಿಂಗಾರಿ ಜೋಳ ಬಹುಪಾಲು ಬದುಕುವುದು ಬಿತ್ತನೆಗೆ ಮುನ್ನ ಎರೆಮಣ್ಣು ಹೀರಿಟ್ಟುಕೊಂಡ ನೀರಿನ ಮೇಲೆ. ಆ ನೀರು ಒಂದು ಗೊತ್ತಾದ ಇಡುಗಂಟು. ಎರಡು ಗಿಡಗಳು ಒತ್ತಿ ನಿಂತರೆ ಒಂದರ ಪಾಲನ್ನು ಎರಡು ಹಂಚಿಕೊಂಡು ಎರಡೂ ಸೊರಗುತ್ತವೆ; ನಡುವೆ ಬಯಲು ಬಿದ್ದರೆ ಅಲ್ಲಿಯ ಹಸಿಯನ್ನು ಬಿಸಿಲೋ ಕಳೆಯೋ ಒಯ್ಯುತ್ತದೆ. ಹದ ಆರಿದ ಮೇಲೆ ಮತ್ತೊಮ್ಮೆ ಬಿತ್ತುವ ಅವಕಾಶವಿಲ್ಲ. ಬಿತ್ತನೆಯ ತಪ್ಪನ್ನು ವರ್ಷವಿಡೀ ಉಣ್ಣಬೇಕು.

ಕಾಳುಗಳು ಸರಾಸರಿ 10 ಸೆಂಟಿಮೀಟರಿಗೊಂದರಂತೆ ಬಿದ್ದರೂ, ಬೀಳುವ ಕ್ಷಣ ಕೇವಲ ಆಕಸ್ಮಿಕವಾಗಿದ್ದರೆ ಏನಾಗುತ್ತದೆ? ಫ್ರೆಂಚ್ ಗಣಿತಜ್ಞ ಪ್ವಾಸೋನ್‌ನ (1781–1840) ಹೆಸರಿನ ಸಂಭಾವ್ಯತಾ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ನೂರು ಅಂತರಗಳಲ್ಲಿ ಸುಮಾರು 26 ಅಂತರಗಳು 3 ಸೆಂಟಿಮೀಟರಿಗಿಂತ ಕಿರಿದಾಗುತ್ತವೆ. ಸುಮಾರು 5 ಅಂತರಗಳು 30 ಸೆಂಟಿಮೀಟರನ್ನು ಮೀರುತ್ತವೆ. ಸರಾಸರಿ ಸರಿಯಾಗಿದ್ದ ಮಾತ್ರಕ್ಕೆ ಬಿತ್ತನೆ ಸರಿಯಾಗದು! ನುರಿತ ಕೈ ಈ ಆಕಸ್ಮಿಕತೆಗಿಂತ ಬಹಳ ಮೇಲು. ಆದರೆ ದಣಿದ ಕೈ ಅದರತ್ತ ಜಾರುತ್ತದೆ.

ಇಳಕಲ್ಲಿನ ಮಗ್ಗದಲ್ಲಿ ಹಾಸಿನ ಎಳೆಗಳು ಸಮಾಂತರದಲ್ಲಿ ನಿಲ್ಲುವುದು ನೇಕಾರನ ಕಣ್ಣಳತೆಯಿಂದಲ್ಲ, ಹಣಿಗೆಯ ಹಲ್ಲುಗಳಿಂದ. ಬಿತ್ತನೆಗೂ ಇಂಥದೊಂದು ಹಣಿಗೆ ಬೇಕು. ಹೊಲದ ಉದ್ದಕ್ಕೂ ಹಣಿಗೆಯನ್ನು ಹಾಸುವುದು ಸಾಧ್ಯವಿಲ್ಲ. ಆದರೆ ನೆಲದ ಮೇಲೆ ಉರುಳುವ ಚಕ್ರವನ್ನೇ ಹಣಿಗೆಯಾಗಿಸಬಹುದು. ಇಂಗ್ಲೆಂಡಿನ ಜೆತ್ರೋ ಟಲ್ 1701ರ ಸುಮಾರಿಗೆ ರಚಿಸಿದ ಬಿತ್ತನೆಯ ಯಂತ್ರದಲ್ಲಿ ಚಕ್ರದ ತಿರುಗುವಿಕೆಯಿಂದಲೇ ಬೀಜ ಬೀಳುತ್ತಿತ್ತು. ಇದರ ಮರ್ಮ ಸುಲಭ. ಕೈ ಕಾಲವನ್ನು ಅಳೆದು ಕಾಳು ಬಿಡುತ್ತದೆ, ಚಕ್ರ ದೂರವನ್ನು ಅಳೆದು ಬಿಡುತ್ತದೆ. ಎತ್ತು ನಿಂತರೆ ಕಾಳೂ ನಿಲ್ಲುತ್ತದೆ.

ಚಕ್ರ ತಿರುಗಿಸುವ ಸಾಧನಗಳಲ್ಲಿ ಅತಿ ಸರಳವಾದುದು ತೋಡುಗಳುಳ್ಳ ಉರುಳೆ. ಪೆಟ್ಟಿಗೆಯ ತಳದಲ್ಲಿ ತಿರುಗುತ್ತ ಅದು ತನ್ನ ತೋಡುಗಳಲ್ಲಿ ತುಂಬಿದಷ್ಟು ಬೀಜವನ್ನು ಹೊರಕ್ಕೆ ನೂಕುತ್ತದೆ. ಅದು ಗಾತ್ರವನ್ನು ಅಳೆಯುತ್ತದೆ, ಕಾಳನ್ನು ಎಣಿಸುವುದಿಲ್ಲ. ಒತ್ತಾಗಿ ಬಿತ್ತುವ ಗೋದಿಯಂಥ ಬೆಳೆಗೆ ಇಷ್ಟು ಸಾಕು. ಅಗ್ಗ, ಗಟ್ಟಿ, ಕೆಟ್ಟರೆ ಊರಿನಲ್ಲಿಯೇ ರಿಪೇರಿ. ಕಾಳು ಕಾಳಿಗೂ ಲೆಕ್ಕವಿರುವ ಜೋಳಕ್ಕೆ ಇದು ಅಷ್ಟಾಗಿ ಒಗ್ಗದು.

ಎಣಿಸಬೇಕಾದಲ್ಲಿ ಬೇಕಾಗುವುದು ಅಂಚಿನಲ್ಲಿ ಗುಳಿಗಳುಳ್ಳ ಬಿಲ್ಲೆ. ಒಂದು ಗುಳಿಗೆ ಒಂದೇ ಕಾಳು. ಚಕ್ರದ ವ್ಯಾಸ 40 ಸೆಂಟಿಮೀಟರಾದರೆ ಅದರ ಒಂದು ಸುತ್ತಿಗೆ ಸುಮಾರು 126 ಸೆಂಟಿಮೀಟರು ನೆಲ ಸಾಗುತ್ತದೆ. ಅಷ್ಟರಲ್ಲಿ 12 ಗುಳಿಗಳ ಬಿಲ್ಲೆ ಒಂದು ಸುತ್ತು ತಿರುಗಿದರೆ ಹತ್ತೂವರೆ ಸೆಂಟಿಮೀಟರಿಗೆ ಒಂದು ಕಾಳಾಯಿತು. ಹತ್ತರಲ್ಲಿ ಒಂದು ಗುಳಿ ಬರಿದಾಗಿ ಹೋದರೂ, ಎರಡು ಗುಳಿಗಳು ಒಂದರ ಹಿಂದೊಂದು ಬರಿದಾಗುವುದು ನೂರಕ್ಕೆ ಒಮ್ಮೆ ಮಾತ್ರ. ಆಕಸ್ಮಿಕ ಬಿತ್ತನೆಯಲ್ಲಿ ಅಷ್ಟು ದೊಡ್ಡ ಬಯಲು ನೂರಕ್ಕೆ ಐದು ಸಲ ಬೀಳುತ್ತಿತ್ತೆಂಬುದನ್ನು ನೆನೆಯಿರಿ.

ಆದರೆ ಗುಳಿ ಬರಿದಾಗುವುದೇಕೆ? ಗುಳಿ ಕೆಳಗೆ ಹಾಯುವ ಅಲ್ಪಕಾಲದಲ್ಲಿಯೇ ಕಾಳು ಅದರೊಳಗೆ ಬೀಳಬೇಕು. ಸುಮಾರು 4 ಮಿಲಿಮೀಟರಿನ ಜೋಳದ ಕಾಳು ತನ್ನ ಅರ್ಧದಷ್ಟು, ಎಂದರೆ 2 ಮಿಲಿಮೀಟರು, ಇಳಿದರೆ ಮಾತ್ರ ಗುಳಿಯ ಹಿಡಿತಕ್ಕೆ ಸಿಕ್ಕುತ್ತದೆ. ಗುರುತ್ವಾಕರ್ಷಣೆಯ ನಿಯಮದಂತೆ ಇದಕ್ಕೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಬೇಕು. ಗುಳಿಯ ಉದ್ದ 6 ಮಿಲಿಮೀಟರಾದರೆ ಆ ಅವಧಿಯಲ್ಲಿ ಬಿಲ್ಲೆ 4 ಮಿಲಿಮೀಟರಿಗಿಂತ ಹೆಚ್ಚು ಸರಿಯಬಾರದು; ಅಂದರೆ ಅಂಚಿನ ವೇಗ ಸೆಕೆಂಡಿಗೆ 20 ಸೆಂಟಿಮೀಟರನ್ನು ಮೀರಬಾರದು. ಬಿಲ್ಲೆಯ ತ್ರಿಜ್ಯ 5 ಸೆಂಟಿಮೀಟರು ಇದ್ದಲ್ಲಿ ಎತ್ತಿನ ನಡಿಗೆಗೆ ಈ ವೇಗ ಸರಿಯಾಗಿ 20 ಸೆಂಟಿಮೀಟರಾಗುತ್ತದೆ! ಅದೇ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿ ವೇಗವಾಗಿ ಎಳೆದರೆ ಕಾಳುಗಳು ಗುಳಿಯನ್ನು ಹಾರಿ ದಾಟುತ್ತವೆ. ಕಾಳುಗಳೂ ಬಿಲ್ಲೆಯೊಡನೆ ತುಸು ಸರಿಯುವುದರಿಂದ ವಾಸ್ತವದಲ್ಲಿ ಮಿತಿ ಸ್ವಲ್ಪ ಸಡಿಲ, ಮಿತಿಯಿರುವುದಂತೂ ನಿಜ. ಪರಿಹಾರವೂ ಇಲ್ಲಿಯೇ ಇದೆ. 24 ಗುಳಿಗಳ ಬಿಲ್ಲೆಯನ್ನು ಅರ್ಧ ವೇಗದಲ್ಲಿ ತಿರುಗಿಸಿದರೆ ಅಂತರ ಅಷ್ಟೇ ಉಳಿದು, ಕಾಳು ಬೀಳಲು ದುಪ್ಪಟ್ಟು ಸಮಯ ದೊರೆಯುತ್ತದೆ. ಕೊಳ್ಳುವವನು ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಗುಳಿಗಳ ಸಂಖ್ಯೆಯನ್ನು.

ಎರಡನೆಯದಾಗಿ ನೋಡಬೇಕಾದುದು ಗುಳಿಯ ಅಳತೆ. ಹಿರಿದಾದರೆ ಎರಡು ಕಾಳು, ಕಿರಿದಾದರೆ ಒಂದೂ ಇಲ್ಲ. ಕಡಲೆಗೊಂದು ಬಿಲ್ಲೆ, ಜೋಳಕ್ಕೊಂದು ಬಿಲ್ಲೆ ಬೇಕೇ ಬೇಕು. ಬೀಜವನ್ನು ಜರಡಿ ಹಿಡಿದು ಒಂದೇ ಗಾತ್ರದ್ದನ್ನು ಆರಿಸುವುದು ಯಂತ್ರಕ್ಕೆ ಮಾಡುವ ಅರ್ಧ ರಿಪೇರಿ. ಪೆಟ್ಟಿಗೆಯ ಬಾಯಿಯೂ ಸಾಕಷ್ಟು ಅಗಲವಾಗಿರಬೇಕು. ವಿಜಯಪುರದ ಗೋಲಗುಮ್ಮಟದ ಕಮಾನುಗಳಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿ ನಿಂತಂತೆ, ಕಿರಿದಾದ ಬಾಯಲ್ಲಿ ಕಾಳುಗಳೂ ಕಮಾನು ಕಟ್ಟಿ ನಿಂತುಬಿಡುತ್ತವೆ. ಕಾಳಿನ ವ್ಯಾಸದ ಐದಾರು ಪಟ್ಟು ಅಗಲವಿದ್ದರೆ ಈ ಭಯ ಬಹುಮಟ್ಟಿಗೆ ಇಲ್ಲ.

ಕಾಳಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಬಂದೂಕಿನ ತೋಟಾಗಳನ್ನು ಮತ್ತೆ ತುಂಬುವ ಯಂತ್ರಗಳಿವೆ. ಅವುಗಳಿಗೆ ಗುಂಡುಗಳನ್ನು ಒದಗಿಸುವ ಸಾಧನದಲ್ಲಿಯೂ ಇಂಥದೇ ಓರೆಯಾದ ಬಿಲ್ಲೆ ತಿರುಗುತ್ತದೆ. ಆದರೆ ಗುಂಡಿಗೆ ಮೊನೆಯೂ ಉಂಟು, ತಳವೂ ಉಂಟು. ತಲೆಕೆಳಗಾದ ಗುಂಡು ಮುಂದೆ ಹೋಗಕೂಡದು. ಆದುದರಿಂದ ತಪ್ಪಾಗಿ ನಿಂತುದನ್ನು ಮಗುಚುವ ಇಲ್ಲವೆ ಹಿಂದಕ್ಕೆ ಬೀಳಿಸುವ ಏರ್ಪಾಡು ಅಲ್ಲಿ ಅವಶ್ಯ. ದುಂಡಾದ ಜೋಳಕ್ಕೆ ಈ ತೊಡಕಿಲ್ಲ. ನೀಳವಾದ ಸೂರ್ಯಕಾಂತಿಗೆ, ಚಪ್ಪಟೆಯಾದ ಗೋವಿನ ಜೋಳಕ್ಕೆ ಸ್ವಲ್ಪಮಟ್ಟಿಗೆ ಇದೆ. ಬಾದಾಮಿಯ ಕಡೆಯ ಮಸಾರಿ ಹೊಲದಲ್ಲಿ ಬಿತ್ತುವ ಶೇಂಗಾ ಬೀಜಕ್ಕೆ ತೊಡಕು ಬೇರೆ. ಅದರ ಸಿಪ್ಪೆ ಬಲು ತೆಳು, ಉಜ್ಜಿದರೆ ಹೋಳಾಗುತ್ತದೆ. ಅಂಥಲ್ಲಿ ಬೀಜವನ್ನು ಮೆಲ್ಲಗೆ ಮೇಲೆತ್ತಿ ಆಚೆ ಸುರಿಯುವ ಓರೆ ಬಿಲ್ಲೆ ಲೇಸು.

ಬಿಲ್ಲೆ ಎಷ್ಟೇ ನಿಖರವಾಗಿದ್ದರೂ ಕೊಳವೆ ಅದನ್ನು ಕೆಡಿಸಬಲ್ಲದು. 60 ಸೆಂಟಿಮೀಟರು ಎತ್ತರದಿಂದ ಬೀಳುವ ಕಾಳಿಗೆ 0.35 ಸೆಕೆಂಡು ಹಿಡಿಯುತ್ತದೆ. ಎಲ್ಲ ಕಾಳುಗಳಿಗೂ ಅಷ್ಟೇ ಹಿಡಿದರೆ ಬಾಧಕವಿಲ್ಲ. ಒಂದು ಕಾಳು ಕೊಳವೆಯ ಗೋಡೆಗೆ ಬಡಿದು 0.05 ಸೆಕೆಂಡು ತಡವಾದರೆ ಅದು 4 ಸೆಂಟಿಮೀಟರು ಮುಂದೆ ಬೀಳುತ್ತದೆ. ಆದುದರಿಂದ ಬಿಲ್ಲೆ ನೆಲಕ್ಕೆ ಹತ್ತಿರವಿರುವುದೂ, ಕೊಳವೆ ನೇರವಾಗಿ ನುಣುಪಾಗಿರುವುದೂ ಮೇಲು. ಇನ್ನು ಚಕ್ರ. ಹಸಿ ಎರೆಮಣ್ಣು ಮೆತ್ತಿಕೊಂಡ ಚಕ್ರ ನೂರಕ್ಕೆ ಹತ್ತರಷ್ಟು ಜಾರಿದರೆ ಹತ್ತೂವರೆ ಸೆಂಟಿಮೀಟರಿನ ಅಂತರ ಹನ್ನೊಂದೂವರೆಯನ್ನು ದಾಟುತ್ತದೆ. ಚಕ್ರಕ್ಕೆ ಮೊಳೆಹಲ್ಲುಗಳೂ ಮಣ್ಣು ಕೆರೆಯುವ ಪಟ್ಟಿಯೂ ಇವೆಯೇ ಎಂದು ನೋಡಬೇಕು.

ಗಾಳಿಯನ್ನು ಹೀರಿ ಕಾಳನ್ನು ರಂಧ್ರಕ್ಕೆ ಅಂಟಿಸಿಕೊಳ್ಳುವ ಯಂತ್ರಗಳೂ ಇವೆ. ವಾಯುಭಾರವನ್ನು ನೂರಕ್ಕೆ ಮೂರರಷ್ಟು ತಗ್ಗಿಸಿದರೂ 2 ಮಿಲಿಮೀಟರಿನ ರಂಧ್ರದಲ್ಲಿ ಜೋಳದ ಕಾಳಿನ ತೂಕದ ಮೂವತ್ತು ಪಟ್ಟು ಬಲ ಉಂಟಾಗುತ್ತದೆ. ಇಲ್ಲಿ ಗಾತ್ರದ ಚಿಂತೆ ಕಡಿಮೆ, ವೇಗಕ್ಕೂ ಅವಕಾಶ ಹೆಚ್ಚು. ಆದರೆ ಇದಕ್ಕೆ ಟ್ರ್ಯಾಕ್ಟರಿನ ಶಕ್ತಿ ಬೇಕು, ಬೆಲೆಯೂ ಹೆಚ್ಚು. ನಾಲ್ಕೆಂಟು ಎಕರೆಯ ಒಕ್ಕಲಿಗನಿಗೆ ಇದನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದೇ ಸರಿಯಾದೀತು.

ಒಟ್ಟಿನಲ್ಲಿ, ಒತ್ತಾಗಿ ಬಿತ್ತುವ ಬೆಳೆಗೆ ಉರುಳೆ. ಜೋಳ ಕಡಲೆಗಳಿಗೆ ಗುಳಿಯ ಬಿಲ್ಲೆ. ವಿಸ್ತಾರವಾದ ಹೊಲಕ್ಕೆ, ಅವಸರದ ಬಿತ್ತನೆಗೆ ಗಾಳಿಯ ಯಂತ್ರ. ಯಾವುದನ್ನೇ ಆರಿಸಿದರೂ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿರಿ. ಇದಕ್ಕೆ ಪ್ರಯೋಗಶಾಲೆ ಬೇಡ. ಯಂತ್ರವನ್ನು ಇಟ್ಟಿಗೆಗಳ ಮೇಲೆ ಎತ್ತಿ ನಿಲ್ಲಿಸಿ, ನಿಮ್ಮ ಮನೆಯ ಬೀಜವನ್ನೇ ತುಂಬಿ, ಪ್ರತಿಯೊಂದು ಕೊಳವೆಗೂ ಒಂದು ಚೀಲ ಕಟ್ಟಿ, ಎತ್ತಿನ ನಡಿಗೆಗೆ ಸರಿಹೊಂದುವಂತೆ ಚಕ್ರವನ್ನು ಮೂರು ಸೆಕೆಂಡಿಗೆ ಸುಮಾರು ಎರಡು ಸುತ್ತಿನಂತೆ 20 ಸುತ್ತು ತಿರುಗಿಸಿರಿ. ಅದು 25 ಮೀಟರಿನ ಸಾಲಿಗೆ ಸಮ. ನಮ್ಮ ಉದಾಹರಣೆಯ ಯಂತ್ರದಲ್ಲಿ ಚೀಲಕ್ಕೆ 240 ಕಾಳು ಬೀಳಬೇಕು. ಕಾಳುಗಳನ್ನು ಎಣಿಸಿರಿ; ಒಡೆದವನ್ನು ಬೇರೆ ಎಣಿಸಿರಿ. ಅನಂತರ ನೆಲದ ಮೇಲೆ ಗೋಣಿತಟ್ಟು ಹಾಸಿ, ಅದರ ಮೇಲೆ ಯಂತ್ರವನ್ನು ಎಳೆದು, ಬಿದ್ದ ಕಾಳುಗಳ ಅಂತರವನ್ನು ಅಳೆಯಿರಿ. ಎರಡನ್ನೂ ಇನ್ನಷ್ಟು ವೇಗದಲ್ಲಿ ಮತ್ತೊಮ್ಮೆ ಮಾಡಿರಿ.

ಒಕ್ಕಲುತನದ ಮನೆಗಳಿಂದ ಬಂದಿರುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ಪ್ರಯೋಗ ದೊರೆಯುವುದು ಕಷ್ಟ. ಉಡಿಯಲ್ಲಿ ಬೀಜ ಕಟ್ಟಿ ಬಿತ್ತಿದ ಅಜ್ಜಿಯೋ ಅವ್ವನೋ ಮನೆಯಲ್ಲಿದ್ದರೆ ಅದೇ ಗೋಣಿತಟ್ಟಿನ ಮೇಲೆ ಅವರಿಂದಲೂ ಕಾಳು ಬಿಡಿಸಿ ಅಳೆಯಿರಿ. ಯಂತ್ರವನ್ನು ಹೋಲಿಸಿ ನೋಡಬೇಕಾದ ಮಾನದಂಡ ಆ ಕೈಯೇ ಆಗಿದೆ. ಅದನ್ನು ಅಳೆದಿಡಲು ಇನ್ನು ಬಹಳ ವರ್ಷಗಳ ಅವಕಾಶವಿಲ್ಲ.